ಮಾಡಿದವನು ಮುಂದೆ ನಿಲ್ಲುವ ವಾಕ್ಯ

"ಗುರುಗಳೇ, ಭೂತಕಾಲವನ್ನು ಕಲಿಸುವುದು ಹೇಗೆ?" ಎಂದು ಶಿಷ್ಯೆ ಕೇಳಿದಳು.

ಅವಳು ಶಾಲೆಯೊಂದರಲ್ಲಿ ಇಂಗ್ಲಿಷ್ ಪಾಠಕ್ಕೆ ಹೊಸದಾಗಿ ಸೇರಿದ್ದಳು. ಗುರುಗಳು ಬಹಳ ವರ್ಷ ಮೇಷ್ಟರುಗಳಿಗೇ ಪಾಠ ಹೇಳಿ, ಈಗ ಮನೆಯಲ್ಲಿದ್ದರು. ಅವಳು ತನ್ನ ತೊಂದರೆಯನ್ನು ಬಿಡಿಸಿ ಹೇಳಿದಳು.

"ಕ್ರಿಯಾಪದಗಳನ್ನು ಬಾಯಿಪಾಠ ಒಪ್ಪಿಸುತ್ತಾರೆ. ಗೋ ಎಂದರೆ ವೆಂಟ್, ಕಮ್ ಎಂದರೆ ಕೇಮ್ ಎನ್ನುತ್ತಾರೆ. ಮಾತಿಗೆ ನಿಂತರೆ 'ಯೆಸ್ಟರ್‌ಡೇ ಐ ಗೋ' ಎಂದೇ ಬರುತ್ತದೆ. ಪ್ರತಿ ಸಲ ತಿದ್ದಿದರೆ ಬಾಯಿ ಮುಚ್ಚಿಕೊಳ್ಳುತ್ತಾರೆ. ತಿದ್ದದೆ ಬಿಟ್ಟರೆ ತಪ್ಪೇ ಗಟ್ಟಿಯಾಗುತ್ತದೆ. ಯಾವುದನ್ನು ತಿದ್ದಲಿ, ಯಾವುದನ್ನು ಬಿಡಲಿ?"

ಗುರುಗಳು ಈ ಕತೆಯನ್ನು ಹೇಳಿದರು.

ಒಂದು ಊರಿನಲ್ಲಿ ಒಬ್ಬ ಇಂಗ್ಲಿಷ್ ಮೇಷ್ಟರಿದ್ದರು. ಅಚ್ಯುತರಾಯರು ಎಂದು ಹೆಸರು. ಸಂಜೆ ಶಾಲೆ ಬಿಟ್ಟ ಮೇಲೆ ಅದೇ ಕೋಣೆಯಲ್ಲಿ ದೊಡ್ಡವರಿಗೆ ಪಾಠ ಮಾಡುತ್ತಿದ್ದರು. ಕೆಲಸ ಹುಡುಕುವ ಹುಡುಗರು ಬರುತ್ತಿದ್ದರು. ನರ್ಸಿಂಗ್ ಓದುವ ಹುಡುಗಿಯರು ಬರುತ್ತಿದ್ದರು. ಮೇಷ್ಟರು ಯಾರನ್ನೂ ಬೈಯುತ್ತಿರಲಿಲ್ಲ. ಆದರೆ ತಪ್ಪು ವಾಕ್ಯವನ್ನು ಮುಂದಕ್ಕೆ ಹೋಗಲು ಬಿಡುತ್ತಿರಲಿಲ್ಲ. ಸರಿಯಾಗುವವರೆಗೆ ಮತ್ತೆ ಮತ್ತೆ ಹೇಳಿಸುತ್ತಿದ್ದರು. ತಾವು ತಿದ್ದಿದ್ದು ತಿದ್ದಿದ ಹಾಗೇ ನಿಲ್ಲುತ್ತದೆ ಎಂಬ ಹೆಮ್ಮೆ ಅವರಿಗಿತ್ತು.

ಒಂದು ದಿನ ಆ ಕೋಣೆಗೆ ಒಬ್ಬ ವಯಸ್ಸಾದವನು ಬಂದ. ಕಂಬಳಿ ನೇಯುವವನು. ಜುಂಜಪ್ಪ ಎಂದು ಹೆಸರು. ಕೆಲವು ವರ್ಷಗಳ ಹಿಂದೆ ಬೇರೆ ಕಡೆಯಿಂದ ಬಂದು ಊರ ಅಂಚಿನಲ್ಲಿ ಒಬ್ಬನೇ ಇದ್ದ. ಅವನ ಹಿಂದಿನದು ಯಾರಿಗೂ ತಿಳಿದಿರಲಿಲ್ಲ. ಕೇಳಿದವರೂ ಇರಲಿಲ್ಲ.

"ನನಗೆ ಇಂಗ್ಲಿಷ್ ಬೇಕು ಮೇಷ್ಟ್ರೇ," ಎಂದ.

"ಈ ವಯಸ್ಸಿನಲ್ಲಿ ಏಕೆ?"

"ತಮ್ಮನ ಮಗಳು ಬರುತ್ತಾಳೆ. ಅವಳಿಗೆ ಕನ್ನಡ ಬರುವುದಿಲ್ಲ."

ವಿಷಯ ಹೀಗಿತ್ತು. ಅವನ ತಮ್ಮ ಮೈಲಾರಿ ತೀರಿಕೊಂಡಾಗ ಮಗು ಹೊನ್ನಿ ಇನ್ನೂ ಜೋಳಿಗೆಯ ತೊಟ್ಟಿಲಿನಲ್ಲಿತ್ತು. ತಾಯಿ ಮೊದಲೇ ಹೋಗಿದ್ದಳು. ಮಗುವನ್ನು ಅನಾಥಾಲಯಕ್ಕೆ ಸೇರಿಸಿದರು. ಅಲ್ಲಿಂದ ಹೊರದೇಶದ ಗಂಡಹೆಂಡಿರು ಅದನ್ನು ದತ್ತು ತೆಗೆದುಕೊಂಡು ಹೋದರು. ಹೆಲೆನ್ ಎಂದು ಹೆಸರಿಟ್ಟರು. ಜುಂಜಪ್ಪ ಬಹಳ ವರ್ಷ ಕಳೆದು ಅನಾಥಾಲಯಕ್ಕೆ ಹೋಗಿ ಮಗುವನ್ನು ಕೇಳಿದ್ದ. ಹಳಬರು ಯಾರೂ ಅಲ್ಲಿರಲಿಲ್ಲ. ಮಗು ದೂರ ಹೋಯಿತು ಎಂದಷ್ಟೇ ಹೇಳಿದರು. ತಾನಿರುವ ಜಾಗವನ್ನು ತಿಳಿಸಿ ಬಂದಿದ್ದ. ಈಗ ಅವಳು ದೊಡ್ಡವಳಾಗಿ, ನನ್ನವರು ಯಾರಾದರೂ ಉಳಿದಿದ್ದಾರೆಯೇ ಎಂದು ವಿಚಾರಿಸಿದ್ದಳು. ಒಬ್ಬ ದೊಡ್ಡಪ್ಪನಿದ್ದಾನೆ ಎಂದು ತಿಳಿದು, ಮಳೆಗಾಲ ಕಳೆದ ಮೇಲೆ ಬರುವುದಾಗಿ ಹೇಳಿಕಳುಹಿಸಿದ್ದಳು.

"ಅನಾಥಾಲಯದವರು ಜೊತೆಗೆ ಬರುತ್ತಾರಲ್ಲ," ಎಂದರು ಮೇಷ್ಟರು. "ನೀವು ಹೇಳಿದ್ದನ್ನು ಅವರು ಇಂಗ್ಲಿಷಿನಲ್ಲಿ ಹೇಳುತ್ತಾರೆ."

"ನಡುವೆ ಇನ್ನೊಬ್ಬರು ನಿಂತರೆ ಅದು ಅವರ ಮಾತಾಗುತ್ತದೆ ಸ್ವಾಮಿ. ಅವಳಪ್ಪ ಹೇಗಿದ್ದ ಎಂದು ನನಗೊಬ್ಬನಿಗೇ ಗೊತ್ತು. ನಾನು ಸತ್ತರೆ ಅದೂ ಹೋಗುತ್ತದೆ. ನನ್ನ ಬಾಯಿಂದಲೇ ಹೇಳಬೇಕು."

ಮೇಷ್ಟರಿಗೆ ಆ ಮಾತು ಹಿಡಿಸಿತು. "ಹಾಗಾದರೆ ನಿಮಗೆ ಬೇರೆ ಏನೂ ಬೇಡ. ಭೂತಕಾಲ ಒಂದು ಸಾಕು," ಎಂದು ಹೇಳಿ ಒಳಗೆ ಕೂರಿಸಿಕೊಂಡರು.

ಮೊದಮೊದಲು ಅವನಿಗೆ ಏನೂ ಹತ್ತಲಿಲ್ಲ. ಎಬಿಸಿಡಿ ಅವನಿಗೆ ಬರುತ್ತಿರಲಿಲ್ಲ. ಕಿವಿಯಿಂದಲೇ ಕಲಿಯಬೇಕಿತ್ತು. ಮೇಷ್ಟರು ಒಬ್ಬೊಬ್ಬರನ್ನೇ ಎಬ್ಬಿಸಿ, ನಿನ್ನೆ ಏನು ಮಾಡಿದಿರಿ ಎಂದು ಕೇಳುತ್ತಿದ್ದರು. ಹುಡುಗರು ಸಿನಿಮಾ ನೋಡಿದ್ದನ್ನೂ ಕ್ರಿಕೆಟ್ ಆಡಿದ್ದನ್ನೂ ಹೇಳುತ್ತಿದ್ದರು. ಜುಂಜಪ್ಪನ ಸರದಿ ಬಂದಾಗ ಅವನು ಎದ್ದು ನಿಂತು, "ನಾನು ನೇಯ್ದೆ," ಎನ್ನುತ್ತಿದ್ದ. ಮೇಷ್ಟರು ವೀವ್ ಎಂಬ ಪದವನ್ನೂ ಅದರ ಭೂತಕಾಲ ವೋವ್ ಎಂಬುದನ್ನೂ ಕಲಿಸಿದರು. "ಐ ವೋವ್," ಎಂದು ಅವನು ಗಟ್ಟಿಯಾಗಿ ಹೇಳಿದಾಗ ಹುಡುಗರು ನಕ್ಕರು. ಅವನೂ ನಕ್ಕ. ಇನ್ನೊಂದು ದಿನ ಊಟದ ಪಾಠ ಬಂತು. ಈಟ್ ಎಂಬುದಕ್ಕೆ ಏಟ್ ಎಂದು ಮೇಷ್ಟರು ಹೇಳಿದರು. "ತಿಂದರೆ ಏಟು!" ಎಂದು ಹಿಂದಿನಿಂದ ಒಬ್ಬ ಹುಡುಗ ಕೂಗಿದ. ಕೋಣೆಗೆ ಕೋಣೆಯೇ ನಕ್ಕಿತು. ಆ ದಿನ ಜುಂಜಪ್ಪ ನಗಲಿಲ್ಲ. ಆ ಪದವನ್ನು ಹೇಳಲೂ ಇಲ್ಲ.

ಹುಡುಗರು ಒಂದು ತಪ್ಪನ್ನು ಬಿಡದೆ ಮಾಡುತ್ತಿದ್ದರು. ಮಾಡಿದವರು ಯಾರು ಎಂಬುದನ್ನೇ ನುಂಗಿ, ಬರೀ ವೆಂಟ್, ಬರೀ ಕೇಮ್ ಎನ್ನುತ್ತಿದ್ದರು. ಮೇಷ್ಟರು ಒಂದು ಸಂಜೆ ಅದನ್ನೇ ಹಿಡಿದು ವಿವರಿಸಿದರು.

"ನಮ್ಮ ಮಾತಿನಲ್ಲಿ ಮಾಡಿದವನು ಕ್ರಿಯಾಪದದ ಬಾಲದಲ್ಲೇ ಇರುತ್ತಾನೆ. ಬಂದೆ ಎಂದರೆ ನಾನು. ಬಂದ ಎಂದರೆ ಅವನು. ಬೇರೆಯಾಗಿ ಹೇಳಬೇಕಿಲ್ಲ. ಇಂಗ್ಲಿಷಿನ ಭೂತಕಾಲದಲ್ಲಿ ಬಾಲವಿಲ್ಲ. ಕೇಮ್ ಎಂದರೆ ಬಂದದ್ದು ಯಾರೋ ತಿಳಿಯದು. ಅದಕ್ಕೇ ಮಾಡಿದವನನ್ನು ಮೊದಲು ಮುಂದೆ ನಿಲ್ಲಿಸಿ. ಆಮೇಲೆ ಮಾಡಿದ್ದನ್ನು ಹೇಳಿ."

ಪಾಠ ಮುಗಿದು ಎಲ್ಲರೂ ಹೋದ ಮೇಲೆ ಜುಂಜಪ್ಪ ಉಳಿದುಕೊಂಡ.

"ಮೇಷ್ಟ್ರೇ, ಏಟು ಬಿತ್ತು ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು?"

ಮೇಷ್ಟರು ಪುಸ್ತಕ ಎತ್ತಿಡುತ್ತಿದ್ದರು. ತಲೆ ಎತ್ತದೆ, "ಯಾರು ಹೊಡೆದರು?" ಎಂದರು.

ಜುಂಜಪ್ಪ ಬಾಗಿಲ ಕಡೆಗೆ ನೋಡಿದ.

"ಈಗ ತಾನೇ ಹೇಳಿದೆನಲ್ಲ. ಹೊಡೆದವರು ಯಾರು ಎಂಬುದನ್ನು ಮೊದಲು ಹೇಳಬೇಕು. ಏಟು ತಾನಾಗಿ ಬೀಳುತ್ತದೆಯೇ?"

ಅವನು ನಿಂತೇ ಇದ್ದ. ಆಮೇಲೆ ಕೈಮುಗಿದು ಹೋದ. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ವಯಸ್ಸಾದವನು, ಬೇಸರ ಬಂದಿರಬೇಕು ಎಂದು ಮೇಷ್ಟರು ಸುಮ್ಮನಾದರು.

ಒಂದು ಭಾನುವಾರ ಮಧ್ಯಾಹ್ನ ಅವನು ಮೇಷ್ಟರ ಮನೆಗೆ ಬಂದ. ಜಗಲಿಯ ಮೇಲೆ ಕುಳಿತ. ಮೇಷ್ಟರ ಹೆಂಡತಿ ಕೊಟ್ಟ ಕಾಫಿಯನ್ನು ಕುಡಿಯದೆ ಪಕ್ಕದಲ್ಲಿಟ್ಟುಕೊಂಡು ಮಾತಾಡಿದ.

ಅಣ್ಣತಮ್ಮಂದಿರು ಒಂದೇ ಮಗ್ಗದಲ್ಲಿ ನೇಯುತ್ತಿದ್ದರಂತೆ. ಹೆಂಡತಿ ಸತ್ತ ಮೇಲೆ ಮೈಲಾರಿಗೆ ಆ ಮನೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಮಗುವನ್ನು ಕರೆದುಕೊಂಡು ದೂರದ ಊರಿಗೆ ಹೋಗುತ್ತೇನೆ, ಮಿಲ್ಲಿನಲ್ಲಿ ಕೆಲಸವಿದೆ ಎಂದ. ಜುಂಜಪ್ಪನಿಗೆ ಮದುವೆಯಾಗಿರಲಿಲ್ಲ. ಅವನಿಗೆ ತಮ್ಮ ಮತ್ತು ಆ ಮಗುವನ್ನು ಬಿಟ್ಟರೆ ಯಾರೂ ಇರಲಿಲ್ಲ. ಹೋಗಬೇಡ ಎಂದ. ಮಾತಿಗೆ ಮಾತು ಬೆಳೆಯಿತು. ತಮ್ಮ ತೊಟ್ಟಿಲ ಕಡೆಗೆ ಹೊರಟ. ಮಗ್ಗದ ಪಕ್ಕದಲ್ಲಿ ಮರದ ಹಲಗೆ ಇತ್ತು.

"ಏಟು ಬಿತ್ತು ಮೇಷ್ಟ್ರೇ. ತಮ್ಮ ಹೋದ," ಎಂದ ಜುಂಜಪ್ಪ. "ಪೊಲೀಸರ ಮುಂದೆ ಹಾಗೇ ಹೇಳಿದೆ. ಜಡ್ಜ್ ಕೇಳಿದರು, ಆಗಬಾರದ್ದು ಆಗಿಹೋಯಿತು ಎಂದೆ. ಜೈಲಿನಲ್ಲಿ ಎಷ್ಟೋ ವರ್ಷ ಇದ್ದೆ. ಅಲ್ಲಿಯೂ ಯಾರಾದರೂ ಕೇಳಿದರೆ ತಪ್ಪಾಯಿತು ಎನ್ನುತ್ತಿದ್ದೆ. ಯಾವುದೂ ಸುಳ್ಳಲ್ಲ. ಎಲ್ಲರಿಗೂ ಅರ್ಥವಾಗುತ್ತಿತ್ತು. ನಿಮ್ಮ ಇಂಗ್ಲಿಷ್ ಒಂದೇ ಯಾರು ಎಂದು ಕೇಳಿತು."

ಮೇಷ್ಟರು ತಮಗೆ ಗೊತ್ತಿಲ್ಲದಂತೆಯೇ ಜಗಲಿಯ ಮೇಲೆ ಸ್ವಲ್ಪ ಆಚೆಗೆ ಸರಿದರು. ಜುಂಜಪ್ಪ ಅದನ್ನು ಕಂಡ. ಕಂಡರೂ ಏಳಲಿಲ್ಲ.

"ಅವಳಿಗೆ ಇದು ಗೊತ್ತೇ?" ಎಂದು ಮೇಷ್ಟರು ಕೇಳಿದರು.

"ಗೊತ್ತಿಲ್ಲ. ಅಪ್ಪ ತೀರಿಕೊಂಡ, ದೊಡ್ಡಪ್ಪ ಸಾಕಲಾರದೆ ಹೋದ, ಇಷ್ಟೇ ಅವಳಿಗೆ ಹೇಳಿದ್ದಾರಂತೆ. ಅಪ್ಪ ಹೇಗೆ ಸತ್ತ ಎಂದು ಅವಳು ಕೇಳುತ್ತಾಳೆ. ಕೇಳದೆ ಇರುತ್ತಾಳೆಯೇ? ಮಾಡಿದವನನ್ನು ಬಿಟ್ಟು ಹೇಳಲು ಬರುವುದೇ ಇಲ್ಲವೇ ಮೇಷ್ಟ್ರೇ?"

ಮೇಷ್ಟರು ಅವನ ಕೈಗಳನ್ನು ನೋಡಿದರು. ನೂಲು ಉಜ್ಜಿ ಉಜ್ಜಿ ಬೆರಳುಗಳು ಬಿರುಸಾಗಿದ್ದವು. ಅವರಿಗೆ ಕನಿಕರ ಬಂತು.

"ಹಿ ಡೈಡ್ ಎನ್ನಿ," ಎಂದರು. "ಅವನು ಸತ್ತ. ಇದಕ್ಕೆ ಸತ್ತವನೊಬ್ಬನೇ ಸಾಕು. ಇನ್ನೊಬ್ಬರು ಬೇಕಿಲ್ಲ. ವ್ಯಾಕರಣಕ್ಕೆ ಸರಿ. ಸುಳ್ಳೂ ಅಲ್ಲ."

"ಹಿ ಡೈಡ್," ಎಂದ ಜುಂಜಪ್ಪ.

"ಸರಿಯಾಗಿದೆ."

"ಹಿ ಡೈಡ್," ಎಂದು ಇನ್ನೊಂದು ಸಲ ಹೇಳಿದ. ಅವನ ಭುಜಗಳು ಇಳಿದವು. ಆರಿದ ಕಾಫಿಯನ್ನು ಎತ್ತಿ ಕುಡಿದ.

ಅಂದಿನಿಂದ ಅವನು ಪಾಠವನ್ನು ತಪ್ಪಿಸಲಿಲ್ಲ. ಕೋಣೆಯಲ್ಲಿ ಎಲ್ಲರ ಪಾಠ ಮುಗಿದ ಮೇಲೆ ಮೇಷ್ಟರು ಅವನಿಗಾಗಿ ಕೂರುತ್ತಿದ್ದರು. ಅವನು ತಮ್ಮನ ಬಗ್ಗೆ ಒಂದೊಂದು ನೆನಪನ್ನು ಕನ್ನಡದಲ್ಲಿ ಹೇಳುತ್ತಿದ್ದ. ಮೇಷ್ಟರು ಅದನ್ನು ಇಂಗ್ಲಿಷಿನ ಸಣ್ಣ ವಾಕ್ಯವಾಗಿ ಮಾಡಿಕೊಡುತ್ತಿದ್ದರು. ಅವನು ಅದನ್ನು ಹೇಳಿಕೊಳ್ಳುತ್ತ ಮನೆಗೆ ಹೋಗುತ್ತಿದ್ದ. ಮಗ್ಗದ ಮುಂದೆ ಕುಳಿತು ಅದನ್ನೇ ಹೇಳುತ್ತಿದ್ದ. ದಾರಿಯಲ್ಲಿ ಹೋಗುವವರು, ಮುದುಕನಿಗೆ ಏನೋ ಆಗಿದೆ ಎಂದುಕೊಳ್ಳುತ್ತಿದ್ದರು.

ಮೈಲಾರಿ ಹಾಡುತ್ತಿದ್ದ, ಆದರೆ ರಾಗ ಕೂಡುತ್ತಿರಲಿಲ್ಲ. ಹಿ ಸ್ಯಾಂಗ್ ಬ್ಯಾಡ್ಲಿ. ಮೈಲಾರಿಗೆ ಹಲ್ಲಿ ಎಂದರೆ ಭಯ. ಒಂದು ಸಲ ಹಲ್ಲಿ ಬಿತ್ತೆಂದು ಅರ್ಧ ನೇಯ್ದ ಕಂಬಳಿ ಬಿಟ್ಟು ಬೀದಿಗೆ ಓಡಿದ. ಹಿ ರ‍್ಯಾನ್. ಹೆಂಡತಿಗೆ ಅಂಚು ಕೆಂಪಗಿರುವ ಕಂಬಳಿ ನೇಯ್ದ. ಮಗಳು ಹುಟ್ಟಿದಾಗ ಮನೆ ಮನೆಗೆ ಹೋಗಿ ಹೇಳಿ ಬಂದ, ಮಾತಾಡದವರ ಮನೆಗೂ ಹೋದ. ಹಿ ಟೋಲ್ಡ್ ಎವರಿಬಡಿ. ಮಗುವನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಕಡಿದ ಎಳೆ ಕೂಡಿಸುತ್ತಿದ್ದ. ಇದನ್ನು ಇಂಗ್ಲಿಷಿಗೆ ತರಲು ಮೇಷ್ಟರಿಗೂ ಕಷ್ಟವಾಯಿತು. ಕೊನೆಗೆ ಹಿ ಹೆಲ್ಡ್ ಯು ಎಂದಷ್ಟೇ ಮಾಡಿಕೊಟ್ಟರು.

ಒಂದು ಸಂಜೆ ಜುಂಜಪ್ಪ ಹೇಳಿದ:

"ಇಷ್ಟು ವರ್ಷ ಕಣ್ಣು ಮುಚ್ಚಿದರೆ ಅವನು ಬಿದ್ದದ್ದೊಂದೇ ಕಾಣುತ್ತಿತ್ತು ಮೇಷ್ಟ್ರೇ. ಈಗ ಎದ್ದು ಓಡಾಡುತ್ತಾನೆ. ನಗುತ್ತಾನೆ. ನಿನ್ನೆ ಹಾಡಿದ."

ಮೇಷ್ಟರು ಮುಖ ತಿರುಗಿಸಿಕೊಂಡು ಬೋರ್ಡು ಒರೆಸಿದರು.

ಮಳೆಗಾಲ ಕಳೆಯಿತು. ಅವಳು ಬರುವ ದಿನ ಗೊತ್ತಾಯಿತು. ಜುಂಜಪ್ಪ ಅವಳಿಗಾಗಿ ಒಂದು ಸಣ್ಣ ಕಂಬಳಿ ನೇಯ್ದಿದ್ದ. ಮೇಷ್ಟರ ಮನೆಗೆ ಬಂದು ಕೇಳಿಕೊಂಡ.

"ನೀವೂ ಬರಬೇಕು. ನಾನು ತಪ್ಪು ಹೇಳಿದರೆ ಅಲ್ಲೇ ತಿದ್ದಬೇಕು."

ಮೇಷ್ಟರು ಒಪ್ಪಿದರು.

ಆ ದಿನ ಬೆಳಗ್ಗೆ ಹೆಲೆನ್ ಜುಂಜಪ್ಪನ ಮನೆಗೆ ಬಂದಳು. ಅನಾಥಾಲಯದ ಒಬ್ಬ ಹೆಂಗಸು ಜೊತೆಗಿದ್ದಳು. ಹೆಲೆನ್ ಎತ್ತರವಾಗಿದ್ದಳು. ಬಾಗಿಲಲ್ಲಿ ಬಗ್ಗಿ ಒಳಗೆ ಬಂದಳು. ಅವಳ ಮುಖ ಕಂಡದ್ದೇ ಜುಂಜಪ್ಪ ಗೋಡೆಗೆ ಕೈಯೂರಿದ. ಮೈಲಾರಿಯ ಹಣೆಯೇ ಅವಳಿಗೆ ಬಂದಿತ್ತು. ಅವಳು ದಾರಿಯಲ್ಲಿ ಕಲಿತುಬಂದ ಒಂದು ಕನ್ನಡದ ಮಾತನ್ನು ನಿಧಾನವಾಗಿ ಹೇಳಿದಳು.

"ದೊಡ್ಡಪ್ಪ."

ಅವನು ತಾನು ಕಲಿತದ್ದನ್ನೆಲ್ಲ ಮರೆತೇಬಿಟ್ಟ. ಮೇಷ್ಟರು ಮೆಲ್ಲಗೆ, "ಹಿ ಸ್ಯಾಂಗ್," ಎಂದು ನೆನಪು ಮಾಡಿಕೊಟ್ಟರು.

ಆಮೇಲೆ ಮಾತು ಬಂತು. ಹಿ ಸ್ಯಾಂಗ್ ಬ್ಯಾಡ್ಲಿ ಎಂದಾಗ ಅವಳು ನಕ್ಕಳು. ತಾನೂ ಹಾಗೇ ಹಾಡುವುದು ಎಂದಳು. ಹಲ್ಲಿಯ ಕತೆಗೆ ಇಬ್ಬರೂ ನಕ್ಕರು. ಅವಳು ಒಂದೊಂದು ವಾಕ್ಯವನ್ನೂ ಅವನ ಹಿಂದೆಯೇ ಹೇಳಿಕೊಳ್ಳುತ್ತಿದ್ದಳು. ಅಪ್ಪನ ಬಗ್ಗೆ ಅವಳಿಗೆ ಯಾರೂ ಯಾವತ್ತೂ ಏನೂ ಹೇಳಿರಲಿಲ್ಲ. ಹಿ ಹೆಲ್ಡ್ ಯು ಎಂದು ಅವನು ಕೈಮಾಡಿ ತೋರಿಸಿದಾಗ ಅವಳು ಅತ್ತಳು.

"ಡಿಡ್ ಹಿ ಲವ್ ಮಿ?" ಎಂದು ಕೇಳಿದಳು.

ಪ್ರಶ್ನೆಯಲ್ಲಿ ಡಿಡ್ ಬಂದರೆ ಉತ್ತರದಲ್ಲಿ ಕ್ರಿಯಾಪದವನ್ನು ತಿರುಗಿ ಭೂತಕಾಲಕ್ಕೆ ತರಬೇಕು ಎಂದು ಮೇಷ್ಟರು ಹೇಳಿಕೊಟ್ಟಿದ್ದರು. ಜುಂಜಪ್ಪ ಯೋಚಿಸಿದ. "ಹಿ ಲವ್ಡ್ ಯು," ಎಂದ. ಲವ್ಡ್ ಎಂಬುದರ ಕೊನೆಯ ಸದ್ದನ್ನು ಒತ್ತಿ ಹೇಳಿದ.

ಅವಳು ಕಣ್ಣೊರೆಸಿಕೊಂಡು, ಅಪ್ಪ ಹೇಗೆ ಸತ್ತ ಎಂದು ಕೇಳಿದಳು.

"ಹಿ ಡೈಡ್," ಎಂದ.

"ಹೌದು, ಹೇಗೆ?"

"ಹಿ ಡೈಡ್."

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ ಎಂದುಕೊಂಡು ಅವಳು ಬಿಟ್ಟಳು. ಮೇಷ್ಟರು ನೆಲ ನೋಡುತ್ತಿದ್ದರು. ಜೊತೆಗೆ ಬಂದ ಹೆಂಗಸು ಹೊತ್ತಾಯಿತು ಎಂದಳು. ಜುಂಜಪ್ಪ ಕಂಬಳಿ ಕೊಟ್ಟ. ಹೆಲೆನ್ ಅದನ್ನು ಎದೆಗೆ ಹಿಡಿದುಕೊಂಡಳು. ನನಗೆ ಇವತ್ತು ಅಪ್ಪ ಸಿಕ್ಕಿದ, ನೀವು ಅವನನ್ನು ಇಷ್ಟು ದಿನ ಜೋಪಾನ ಮಾಡಿಟ್ಟಿದ್ದಿರಿ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಆ ಹೆಂಗಸು ಅದನ್ನು ಕನ್ನಡದಲ್ಲಿ ಹೇಳಿದಳು. ಆಮೇಲೆ ಹೆಲೆನ್ ಬಗ್ಗಿ ಅವನ ಕಾಲು ಮುಟ್ಟಿದಳು.

ಜುಂಜಪ್ಪ ಕಾಲನ್ನು ಹಿಂದಕ್ಕೆ ಎಳೆದುಕೊಂಡ. ಬೆಂಕಿ ತಾಗಿದವನ ಹಾಗೆ ಎಳೆದುಕೊಂಡ. ಪಾಠದ ಕೋಣೆಯಲ್ಲಿ ನಿಲ್ಲುತ್ತಿದ್ದಂತೆ ಕೈಕಟ್ಟಿ ನೇರವಾಗಿ ನಿಂತ.

"ಐ ಕಿಲ್ಡ್ ಹಿಮ್," ಎಂದ.

ಆ ಪದವನ್ನು ಮೇಷ್ಟರು ಅವನಿಗೆ ಕಲಿಸಿರಲಿಲ್ಲ. ಯಾರನ್ನು ಕೇಳಿ ಕಲಿತಿದ್ದನೋ, ಎಷ್ಟು ದಿನದಿಂದ ಒಳಗಿಟ್ಟುಕೊಂಡಿದ್ದನೋ ತಿಳಿಯದು.

ಹೆಲೆನ್ ಎದ್ದು ನಿಂತಳು. ಅವಳ ಮುಖದಲ್ಲಿ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. ಮೇಷ್ಟರ ಕಡೆಗೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದಳು.

"ಸರ್, ಇವರು ಪದ ತಪ್ಪಿ ಹೇಳುತ್ತಿದ್ದಾರೆ, ಅಲ್ಲವೇ? ತೀರಿಕೊಂಡ ಎನ್ನಲು ಹೋಗಿ ಹೀಗೆಂದರು, ಅಲ್ಲವೇ?"

ಹೌದು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಎಬಿಸಿಡಿ ಬಾರದ ಮುದುಕ. ಒಂದು ಪದದ ಬದಲು ಇನ್ನೊಂದು ಪದ ಬಂತು ಎಂದರೆ ಯಾರಿಗೂ ಸಂಶಯ ಬರುತ್ತಿರಲಿಲ್ಲ. ಜೊತೆಗೆ ಬಂದ ಹೆಂಗಸೂ ಅದನ್ನೇ ಬಯಸಿ ಮೇಷ್ಟರ ಮುಖ ನೋಡುತ್ತಿದ್ದಳು. ಮೇಷ್ಟರು ಜುಂಜಪ್ಪನನ್ನು ನೋಡಿದರು. ಅವನು ಏನನ್ನೂ ಬೇಡುತ್ತಿರಲಿಲ್ಲ. ವಾಕ್ಯ ಹೇಳಿ ಮುಗಿಸಿದವನು ಸರಿಯೋ ತಪ್ಪೋ ಎಂದು ಕಾಯುವಂತೆ ಕಾಯುತ್ತಿದ್ದ.

"ಇಲ್ಲಮ್ಮ," ಎಂದರು ಮೇಷ್ಟರು. ಅವರ ದನಿ ಅವರಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದರು. "ಇಲ್ಲ. ವಾಕ್ಯ ಸರಿಯಾಗಿದೆ."

ಹೆಲೆನ್ ನೆಲದ ಮೇಲೆ ಕುಳಿತಳು. ಅವಳು ತಲೆ ಎತ್ತದೆ, ಆಗ ನಾನು ಎಲ್ಲಿದ್ದೆ ಎಂದು ಕೇಳಿದಳು.

ಆ ಪ್ರಶ್ನೆ ಅವನಿಗೆ ಅರ್ಥವಾಯಿತು. "ಯು ಸ್ಲೆಪ್ಟ್," ಎಂದ.

"ಆಮೇಲೆ?"

"ಯು ವೋಕ್. ಯು ಕ್ರೈಡ್." ಅವನು ನಿಲ್ಲಿಸಿದ. ಪದಕ್ಕಾಗಿ ಹುಡುಕಿದ. ಸಿಕ್ಕಿತು. "ಐ ಕ್ಯಾರೀಡ್ ಯು. ಪೊಲೀಸ್ ಸ್ಟೇಷನ್."

ತಮ್ಮನ ಹೆಣವನ್ನು ಮನೆಯಲ್ಲಿ ಬಿಟ್ಟು, ಅಳುವ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಅವನು ಸ್ಟೇಷನ್ನಿಗೆ ನಡೆದು ಹೋಗಿದ್ದ. ಅಲ್ಲಿ ಅವರು ಮಗುವನ್ನು ಅವನ ಕೈಯಿಂದ ಬಿಡಿಸಿಕೊಂಡಿದ್ದರು. ಅದನ್ನೆಲ್ಲ ಹೇಳುವಷ್ಟು ಇಂಗ್ಲಿಷ್ ಅವನಲ್ಲಿರಲಿಲ್ಲ.

ಹೆಲೆನ್ ಎದ್ದಳು. ಕಂಬಳಿಯನ್ನು ಇನ್ನೂ ಹಿಡಿದುಕೊಂಡಿದ್ದಳು. ಅದನ್ನು ಒಮ್ಮೆ ನೋಡಿದಳು. ಎಸೆಯಲಿಲ್ಲ. ಅಂಚಿಗೆ ಅಂಚು ಕೂಡಿಸಿ ಮಡಿಸಿದಳು. ಮಗ್ಗದ ಪಕ್ಕದಲ್ಲಿಟ್ಟು ಹೊರಗೆ ಹೋದಳು. ಕಾರು ಹೊರಟ ಸದ್ದು ಕೇಳಿಸಿತು.

ಮೇಷ್ಟರು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ಜುಂಜಪ್ಪನೂ ಕೈಕಟ್ಟಿಕೊಂಡೇ ನಿಂತಿದ್ದ.

"ಮೇಷ್ಟ್ರೇ, ಹೋಗುವಾಗ ತಿರುಗಿ ನೋಡಿದಳೇ?" ಎಂದು ಕೇಳಿದ. "ನನಗೆ ತಲೆ ಎತ್ತಲಾಗಲಿಲ್ಲ."

ನೋಡಿದಳು ಎನ್ನಬೇಕೆಂದು ಮೇಷ್ಟರ ನಾಲಿಗೆಯ ತುದಿಗೆ ಬಂತು.

"ಗೊತ್ತಿಲ್ಲ ಜುಂಜಪ್ಪನವರೇ," ಎಂದರು. "ನಾನೂ ನೋಡಲಿಲ್ಲ."

ಅವಳು ಮತ್ತೆ ಬರಲಿಲ್ಲ. ಅವಳಿಂದ ಯಾವ ಸುದ್ದಿಯೂ ಬರಲಿಲ್ಲ. ಜುಂಜಪ್ಪ ಪಾಠಕ್ಕೆ ಬರುವುದನ್ನು ನಿಲ್ಲಿಸಿದ. ಕೆಲವು ದಿನ ಬಿಟ್ಟು ಮೇಷ್ಟರೇ ಅವನ ಮನೆಗೆ ಹೋದರು. ಅವನು ನೇಯುತ್ತಿದ್ದ. ಮೇಷ್ಟರು ಬಂದದ್ದನ್ನು ನೋಡಿ ಕೂರಲು ಜಾಗ ಮಾಡಿದ. ಮೇಷ್ಟರು ಅವನ ಮಗ್ಗುಲಲ್ಲೇ ಕುಳಿತರು. ಅಲ್ಲಿಂದ ಮುಂದೆ ಭಾನುವಾರಗಳಲ್ಲಿ ಹೋಗಿ ಕೂರುವುದು ರೂಢಿಯಾಯಿತು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಒಮ್ಮೊಮ್ಮೆ ಜುಂಜಪ್ಪ ನೇಯುತ್ತ ನೇಯುತ್ತ ತಮ್ಮನ ಯಾವುದೋ ಹಾಡನ್ನು ಗುನುಗುತ್ತಿದ್ದ. ನಡುವೆಯೇ ನಿಲ್ಲಿಸುತ್ತಿದ್ದ. ಚಳಿಗಾಲವೊಂದರಲ್ಲಿ ಕೆಮ್ಮು ಹತ್ತಿ ಹಾಸಿಗೆ ಹಿಡಿದ. ಮೇಷ್ಟರು ಅನಾಥಾಲಯಕ್ಕೆ ಹೇಳಿಕಳುಹಿಸಿದರು. ಅವರು ಹೆಲೆನ್‌ಗೆ ತಿಳಿಸಿದೆವು ಎಂದರು. ಬಾಗಿಲ ಕಡೆ ಮುಖ ಮಾಡಿಯೇ ಅವನು ತೀರಿಕೊಂಡ. ಮೇಷ್ಟರು ಆ ಮಡಿಸಿದ ಕಂಬಳಿಯನ್ನೇ ಅವನಿಗೆ ಹೊದಿಸಿದರು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯೆಗೆ ತಾನು ಕೇಳಬೇಕೆಂದು ಬಂದದ್ದು ಮರೆತುಹೋಗಿತ್ತು. ಅವಳ ಕಣ್ಣು ತುಂಬಿತ್ತು. ದನಿಯಲ್ಲಿ ಸ್ವಲ್ಪ ಸಿಟ್ಟೂ ಇತ್ತು.

"ಗುರುಗಳೇ, ಆ ಮೇಷ್ಟರು ಒಂದೇ ಒಂದು ಸಲ, ಹೌದಮ್ಮ, ತಪ್ಪು ಹೇಳಿದ ಎಂದುಬಿಟ್ಟಿದ್ದರೆ ಏನಾಗುತ್ತಿತ್ತು? ಆ ಹುಡುಗಿಗೆ ದೊಡ್ಡಪ್ಪ ಉಳಿಯುತ್ತಿದ್ದ. ಆ ಮುದುಕ ಹಾಗೆ ಬಾಗಿಲು ನೋಡುತ್ತ ಸಾಯುತ್ತಿರಲಿಲ್ಲ. ಕಲಿಯುವವನ ಬಾಯಿ ತಪ್ಪುವುದು ಇದ್ದದ್ದೇ ಅಲ್ಲವೇ?"

ಗುರುಗಳು ಅವಳ ಮುಖ ನೋಡಿದರು.

"ಅವನು ಜೀವಮಾನವಿಡೀ ತಡವರಿಸಿ ಕೊನೆಗೆ ಸರಿಯಾಗಿ ಹೇಳಿದ ವಾಕ್ಯ ಅದೊಂದೇ ತಾಯಿ, ಅದಕ್ಕೂ ತಪ್ಪು ಹಾಕುವುದೇ?"